ಕೆಂಪು ಮುಚ್ಚಳದ ಬಾಟಲಿ

ಕಾರಟಗಿಯ ಕನಕಪ್ಪ ಸಾಹುಕಾರರ ದಲಾಲಿ ಅಂಗಡಿಯಲ್ಲಿ ಶಫೀಸಾಬನ ಕೆಲಸ ಚುಚ್ಚುವುದು. ಭತ್ತದ ಚೀಲ ಬಂದು ಬಿದ್ದ ಕೂಡಲೇ ಚೂಪು ಮೂತಿಯ ಕಬ್ಬಿಣದ ಕೊಳವೆಯನ್ನು ಅದರ ಹೊಟ್ಟೆಗೆ ಚುಚ್ಚಬೇಕು, ಕೊಳವೆಯೊಳಗೆ ಇಳಿದು ಬಂದ ಕಾಳನ್ನು ಅಂಗೈಗೆ ಸುರಿದುಕೊಂಡು ಸಾಹುಕಾರರ ಮೂಗಿನ ಮುಂದೆ ಹಿಡಿಯಬೇಕು. ಮೀಸೆ ಮೂಡಿದಾಗಿನಿಂದ ಅವನದು ಇದೇ ಕಸುಬು. "ಎಷ್ಟು ಸಲ ಚುಚ್ತೀಯೋ ಮಾರಾಯ, ಚೀಲ ಜರಡಿ ಆತು" ಎಂದು ರೈತರು ಗೊಣಗಿದರೆ ಅವನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಚೀಲ ಇಲ್ಲೇ ಐತಲ್ರಿ, ಇನ್ನೊಮ್ಮಿ ಚುಚ್ಚಿದ್ರಾತು. ಅದಕ್ಕೇನು ನೋವಾಗ್ತೈತೇನು?"

ಚೀಲದ ವಿಷಯದಲ್ಲಿ ಇಷ್ಟು ಧೈರ್ಯವಂತನಾದ ಶಫೀಸಾಬನಿಗೆ ಸ್ವಂತ ಮೈಗೆ ಸೂಜಿ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಕಾಸೀಮಬೀ ಅಂಗಿಗೆ ಗುಂಡಿ ಹಚ್ಚಲು ಕೂತರೂ ಅವನು ಏನೋ ನೆಪ ತೆಗೆದು ಹೊರಗೆ ಹೋಗಿ ನಿಲ್ಲುತ್ತಿದ್ದ. ಜ್ವರ ಬಂದರೆ ಗುಳಿಗೆ, ಗುಳಿಗೆಗೆ ಬಗ್ಗದಿದ್ದರೆ ಕಷಾಯ, ಕಷಾಯಕ್ಕೂ ಬಗ್ಗದಿದ್ದರೆ ದರ್ಗಾದ ಊದಿ. ಇಷ್ಟರಲ್ಲೇ ಅವನು ಅರ್ಧ ಆಯುಷ್ಯ ಕಳೆದಿದ್ದ.

ಅಂಥವನ ಬೆನ್ನಿಗೆ ಗುಳ್ಳೆ ಎದ್ದವು. ಒಂದು ಒಡೆದರೆ ಪಕ್ಕದಲ್ಲಿ ಇನ್ನೊಂದು. ಬಾಯೊಳಗೂ ಹುಣ್ಣಾಗಿ, ಮೆಣಸಿನಕಾಯಿ ಚಟ್ನಿಯಿಲ್ಲದೆ ತುತ್ತು ಎತ್ತದ ಮನುಷ್ಯ ಹಾಲಿನಲ್ಲಿ ರೊಟ್ಟಿ ನೆನೆಸಿ ಕೂಸಿನ ಹಾಗೆ ತಿನ್ನತೊಡಗಿದ. ಬೇವಿನ ಎಲೆಯಾಯಿತು, ಅರಿಶಿನವಾಯಿತು, ಊದಿಯೂ ಆಯಿತು. ಕೊನೆಗೆ ಕಾಸೀಮಬೀ ಅವನ ರಟ್ಟೆ ಹಿಡಿದು, ವಾರಕ್ಕೊಮ್ಮೆ ಊರಿಗೆ ಬರುವ ಚರ್ಮದ ಡಾಕ್ಟರರ ಮುಂದೆ ತಂದು ಕೂರಿಸಿದಳು.

ಡಾಕ್ಟರು ಬೆನ್ನು ನೋಡಿದರು, ಬಾಯಿ ನೋಡಿದರು. "ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು" ಎಂದವರೇ ಟ್ರೇಯಿಂದ ಒಂದು ಪುಟ್ಟ ಸಾಮಾನು ಎತ್ತಿಕೊಂಡರು. ದುಂಡು ಬಾಯಿ, ಒಳಗೆ ಟೊಳ್ಳು, ತುದಿಯಲ್ಲಿ ಹರಿತ. ಶಫೀಸಾಬ ಅದನ್ನು ನೋಡಿದೊಡನೆ ಗುರುತು ಹಿಡಿದ. ಅದು ಅವನ ಕೊಳವೆಯದೇ ಮರಿ.

ಮುಂದಿನದು ಅವನಿಗೆ ಅರ್ಧಂಬರ್ಧ ನೆನಪು. ನೋವು ಗೊತ್ತಾಗದಿರಲೆಂದು ಕೊಟ್ಟ ಸೂಜಿ ಬೆನ್ನಿಗೆ ತಾಗುವ ಮೊದಲೇ ಅವನಿಗೆ ಎಚ್ಚರ ತಪ್ಪಿತ್ತು. ಕಾಸೀಮಬೀ ಕಾಲು ಹಿಡಿದಿದ್ದಳಂತೆ, ನರ್ಸ್ ಶಾಯಿಸ್ತಾ ತಲೆ ಹಿಡಿದಿದ್ದಳಂತೆ. ಕಣ್ಣು ಬಿಟ್ಟಾಗ ಮೇಜಿನ ಮೇಲೆ ಎರಡು ಪುಟ್ಟ ಬಾಟಲಿಗಳಿದ್ದವು. ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ಬಿಳಿ. ಎರಡರಲ್ಲೂ ನೀರಿನಂಥ ದ್ರವ, ತಳದಲ್ಲಿ ಹೆಸರುಕಾಳಿನಷ್ಟು ಶಫೀಸಾಬ.

"ಒಂದು ಗುಳ್ಳೆಯ ಅಂಚಿನಿಂದ ತೆಗೆದದ್ದು, ಇನ್ನೊಂದು ಪಕ್ಕದ ಒಳ್ಳೆಯ ಚರ್ಮದ್ದು" ಎಂದರು ಡಾಕ್ಟರು.

ಶಫೀಸಾಬ ಬೆನ್ನು ಮರೆತು ಎದ್ದು ಕೂತ. ಕಸುಬಿನ ಮಾತು ಬಂದಿತ್ತು. "ಸಾಹೇಬ್ರ, ಕೆಟ್ಟ ಮಾಲು ಬಿಟ್ಟು ಛಲೋ ಮಾಲಿಗೆ ಯಾಕ ಚುಚ್ಚಿದ್ರಿ? ನಮ್ಮ ಅಂಗಡ್ಯಾಗ ಮಾರೋರ ಕಡೆಯವ್ರು ಅಷ್ಟ ಹಂಗ ಸ್ಯಾಂಪಲ್ ತಗೀತಾರ."

ಡಾಕ್ಟರಿಗೆ ನಗು ಬಂತು. "ನಿಮ್ಮ ಮೈಯ ಕಾವಲುಗಾರರೇ ಹಾದಿ ತಪ್ಪಿ ನಿಮ್ಮ ಚರ್ಮಕ್ಕೆ ಹೊಡೆಯುತ್ತಿರಬಹುದು ಅಂತ ನನ್ನ ಅನುಮಾನ. ಗುಳ್ಳೆ ಎದ್ದ ಕಡೆ ಎಲ್ಲ ಹರಿದು ಹೋಗಿರುತ್ತದೆ, ಅಲ್ಲಿ ಅವರ ಗುರುತು ಸಿಗುವುದಿಲ್ಲ. ಪಕ್ಕದ ಮನೆಯಲ್ಲಿ ಅಡಗಿ ಕೂತಿರುತ್ತಾರೆ. ಬಣ್ಣ ಹಾಕಿ ಬೇರೆ ಥರದ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಹೊಳೆದು ಸಿಕ್ಕಿಬೀಳುತ್ತಾರೆ. ಆಮೇಲೆ ಸರಿಯಾದ ಔಷಧ ಕೊಡಬಹುದು."

ಅಷ್ಟರಲ್ಲಿ ಶಾಯಿಸ್ತಾ ಸಣ್ಣದೊಂದು ತಾಪತ್ರಯ ಹೇಳಿದಳು. ಬಾಟಲಿ ಒಯ್ಯುವ ಲ್ಯಾಬಿನ ಮನುಷ್ಯ ಯಲಬುರ್ಗಾಕ್ಕೆ ಮದುವೆಗೆ ಹೋಗಿದ್ದಾನೆ. ಕೊಪ್ಪಳದ ಲ್ಯಾಬಿನಿಂದ ದೊಡ್ಡ ಊರಿಗೆ ಹೋಗುವ ಗಾಡಿ ಸಂಜೆಗೆ ಹೊರಡುತ್ತದೆ. ಇವತ್ತು ಯಾರಾದರೂ ಕೈಯಲ್ಲಿ ಒಯ್ದು ಮುಟ್ಟಿಸಬೇಕು.

"ನಾನ ಒಯ್ತೀನಿ" ಎಂದ ಶಫೀಸಾಬ. "ನನ್ನ ಚರ್ಮ, ನನ್ನ ಜವಾಬ್ದಾರಿ."

"ಹಂಗಾರ ಲಕ್ಷ ಕೊಟ್ಟು ಕೇಳ್ರಿ ಚಾಚಾ" ಎಂದಳು ಶಾಯಿಸ್ತಾ. "ಬಿಳಿ ಮುಚ್ಚಳದಾಗ ಫಾರ್ಮಲಿನ್ ಐತಿ, ತುಣುಕು ಕೆಡದಂಗ ಇಡೋ ಔಷಧ. ಅದು ಗಟ್ಟಿ ಪಿಂಡ, ನಾಳೆ ಕೊಟ್ರೂ ನಡೀತೈತಿ. ಕೆಂಪು ಮುಚ್ಚಳದ್ದು ಮಾತ್ರ ನಾಜೂಕ. ಅದರಾಗಿನ ನೀರು ಬ್ಯಾರೆ. ಬಿಸಿಲಿಗೆ ಇಡಬ್ಯಾಡ್ರಿ, ಬರ್ಫಿನ್ಯಾಗ ಇಟ್ಟು ಹೆಪ್ಪುಗಟ್ಟಿಸಲೂಬ್ಯಾಡ್ರಿ, ಫಾರ್ಮಲಿನ್ ಅಂತೂ ಅದರ ಹತ್ತಿರ ಸುಳೀಬಾರದು. ಬಾಟ್ಲಿ ಮ್ಯಾಲೆ ಬರೇ ನಿಮ್ಮ ಹೆಸರೈತಿ, ಮುಚ್ಚಳದ ಬಣ್ಣ ನೋಡಿ ನೆನಪಿಟ್ಕೋರಿ."

"ಅಕಸ್ಮಾತ್ ಕೆಟ್ರ?"

"ಕೆಟ್ರ ಮತ್ತೊಮ್ಮಿ ತಗೀಬೇಕು, ಇನ್ನೇನು ಮಾಡೋದು?"

ಶಫೀಸಾಬ ಕೆಂಪು ಮುಚ್ಚಳದ ಬಾಟಲಿಯನ್ನು ಎರಡೂ ಕೈಯಿಂದ ಎತ್ತಿಕೊಂಡ. ಜಗತ್ತಿನಲ್ಲಿ ಇನ್ನು ಅವನಿಗೆ ಬೇಕಾದದ್ದು ಒಂದೇ: ಆ ಮರಿ ಕೊಳವೆಯನ್ನು ಇನ್ನೊಮ್ಮೆ ನೋಡದಿರುವುದು.

ಕಾಸೀಮಬೀಯನ್ನು ಮನೆಗೆ ಕಳಿಸಿ, ರಜೆ ಕೇಳಲು ಅಂಗಡಿಗೆ ಹೋದ. ಅಲ್ಲೇ ಅವನು ಎಡವಿದ್ದು.

ಕನಕಪ್ಪ ಸಾಹುಕಾರರು ಒಳ್ಳೆಯ ಮನುಷ್ಯ. ಅವರಿಗೆ ಇದ್ದದ್ದು ಒಂದೇ ಚಟ. ಯಾವ ಸ್ಯಾಂಪಲ್ ಕಂಡರೂ ಬಿಚ್ಚಬೇಕು, ಮೂಸಬೇಕು, ಹಲ್ಲಿಗೆ ಹಾಕಿ ಕಟಕ್ಕೆನ್ನಿಸಿ ತೇವ ನೋಡಬೇಕು. ತೇವ ಅವರ ಜನ್ಮವೈರಿ. "ಹಸಿ ಸ್ಯಾಂಪಲ್ ಸ್ಯಾಂಪಲ್ಲ ಅಲ್ಲ" ಎಂದು ಬೆಳಗಿನಿಂದ ಸಂಜೆಯವರೆಗೆ ಯಾರಿಗಾದರೂ ಹೇಳುತ್ತಲೇ ಇರುತ್ತಿದ್ದರು. ಅವರ ತಲೆಯ ಹಿಂದಿನ ಗೋಡೆಯ ತುಂಬ ಮೊಳೆಗಳು. ಒಂದೊಂದು ಮೊಳೆಗೂ ಒಣಗಿದ ಭತ್ತದ ಪೊಟ್ಟಣಗಳು. ಮಿಲ್ಲಿಗೆ ಒಂದು ಸ್ಯಾಂಪಲ್ ಹೋದರೆ ಅದರ ಜೋಡಿ ಮೊಳೆಯ ಮೇಲೆ ಉಳಿಯಲೇಬೇಕು. ನಾಳೆ ಮಿಲ್ಲಿನವರು ತಕರಾರು ತೆಗೆದರೆ ಅದೇ ಸಾಕ್ಷಿ.

"ಎಲ್ಲಿ, ತೋರ್ಸು" ಎಂದು ಕೈ ಚಾಚಿದವರೇ ಶಫೀಸಾಬ ಬೇಡ ಅನ್ನುವುದರೊಳಗೆ ಎರಡೂ ಮುಚ್ಚಳ ತಿರುವಿ ಗಾದಿಯ ಮೇಲೆ ಇಟ್ಟಿದ್ದರು. ಒಂದು ಬಾಟಲಿ ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದರು. ಮರುಕ್ಷಣ ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಯಪ್ಪಾ! ಏನೋ ಇದು ಘಾಟು!" ಎಂದು ಸೀನಿದರು, ಮತ್ತೆ ಸೀನಿದರು, ಕಣ್ಣು ಮುಚ್ಚಿಕೊಂಡೇ ಗಾದಿಯ ಮೇಲೆ ತಡಕಾಡಿ ಮುಚ್ಚಳ ಹುಡುಕಿ ಎರಡನ್ನೂ ಬಿಗಿ ತಿರುವಿದರು.

ಶಫೀಸಾಬನಿಗೆ ಆ ಸೀನಿನದೇ ಚಿಂತೆ. ಕೆಂಪು ಮುಚ್ಚಳದ ಬಾಟಲಿಯನ್ನು ಬೆಳಕಿಗೆ ಹಿಡಿದು ಸಾಹುಕಾರರ ಸೀನು ಒಳಗೆ ಹಾರಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿದ. ನೀರು ತಿಳಿಯಾಗಿತ್ತು. ಕಾಳು ತಳದಲ್ಲಿ ಸುಮ್ಮನೆ ಕೂತಿತ್ತು. ಅವನ ಎದೆ ಹಗುರಾಯಿತು.

"ಎರಡೂ ಕೊಡ್ತೀಯೇನು ಅವ್ರಿಗೆ?" ಕನಕಪ್ಪನವರು ಶಲ್ಯದಿಂದ ಕಣ್ಣೊರೆಸಿಕೊಂಡು ಕೇಳಿದರು. "ಇಷ್ಟು ವರ್ಷ ನನ್ನ ಹಂತ್ಯಾಕ ಇದ್ದು ಇದನ್ನ ಕಲ್ತೇನು? ನಾಳೆ ಅವ್ರು ಸುಳ್ಳು ರಿಪೋರ್ಟ್ ಕೊಟ್ರ ಏನು ತೋರಸ್ತಿ? ಒಂದು ಇಲ್ಲೇ ಇರ್ಲಿ."

ಕೇಳಿದರೆ ಮಾತು ನ್ಯಾಯವಾಗಿಯೇ ಇತ್ತು. ಬಿಳಿ ಮುಚ್ಚಳದ್ದು ನಾಳೆ ಕೊಟ್ಟರೂ ನಡೆಯುತ್ತದೆ ಎಂದು ಶಾಯಿಸ್ತಾಳೇ ಹೇಳಿದ್ದಳು. ಶಫೀಸಾಬ ಅದರ ಕೊರಳಿಗೆ ಸುತಳಿ ಬಿಗಿದು, ಸೋನಾಮಸೂರಿ ಪೊಟ್ಟಣದ ಪಕ್ಕದ ಮೊಳೆಗೆ ತೂಗುಹಾಕಿದ.

"ಚಿಂತಿ ಬಿಡು. ನನ್ನ ಮಾಲಿನಂಗ ಜ್ವಾಪಾನ ಮಾಡ್ತೀನಿ" ಎಂದರು ಕನಕಪ್ಪ.

ಕೊಪ್ಪಳದ ಬಸ್ಸಿನಲ್ಲಿ ಶಫೀಸಾಬ ನೆರಳಿನ ಕಡೆಯ ಸೀಟು ಹಿಡಿದ. ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟು, ಮೇಲೆ ಎರಡೂ ಕೈ ಮುಚ್ಚಿ ಕೂತ. ಬೆನ್ನಿನ ಹೊಲಿಗೆ ತಾಗದಂತೆ ಮುಂದಕ್ಕೆ ಬಾಗಿದ್ದರಿಂದ ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಕಾಣುತ್ತಿದ್ದ. ಗಂಗಾವತಿಯಲ್ಲಿ ಬಿಸಿಲು ಮಗ್ಗುಲು ಬದಲಿಸಿತು. ಅವನೂ ಎದ್ದು ಆಚೆ ಸೀಟಿಗೆ ಹೋದ. ಅಲ್ಲಿ ಪಕ್ಕೀರವ್ವ ಎಂಬ ಮುದುಕಿ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದಳು.

"ಏನೈತೋ ತಮ್ಮಾ ಅದರಾಗ? ಅಷ್ಟು ಗಟ್ಟಿ ಹಿಡ್ಕೊಂಡಿ?"

"ಏನಿಲ್ಲವ್ವ, ಔಷಧ."

"ಯಾತರ ಔಷಧ? ನನಗೂ ಮೊಣಕಾಲ ನೋವೈತಿ, ಒಂದೀಟು ಹಚ್ಚಿ ನೋಡೂನು."

ಅವಳ ಕೈ ಚೀಲದ ಬಾಯಿಗೆ ಬಂದಿತ್ತು. ಶಫೀಸಾಬ ಗಾಬರಿಯಲ್ಲಿ ನಿಜ ಬಾಯಿಬಿಟ್ಟ. "ಔಷಧ ಅಲ್ಲಬೇ, ನನ್ನ ಚರ್ಮ ಐತಿ!"

ಇಡೀ ಬಸ್ಸು ತಿರುಗಿ ನೋಡಿತು. ಪಕ್ಕೀರವ್ವ ಅವನನ್ನು ಮೇಲಿಂದ ಕೆಳಗೆ ಅಳೆದು, "ಮೈ ಮ್ಯಾಲೆ ಐತಲ್ಲೋ" ಎಂದಳು. ಅವನು ಗುಳ್ಳೆಯಿಂದ ಹಿಡಿದು ಕಾವಲುಗಾರರವರೆಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಕಥೆ ಮುಗಿಯುವಷ್ಟರಲ್ಲಿ ಬಸ್ಸು ಎರಡು ಪಕ್ಷವಾಗಿತ್ತು. ಛಲೋ ಚರ್ಮ ತೆಗೆದ ಡಾಕ್ಟರಿಗೆ ಬುದ್ಧಿಯಿಲ್ಲ ಎಂದು ಹಿಂದಿನ ಸೀಟಿನವರು, ಕಲಿತವರು ಸುಮ್ಮನೆ ಮಾಡುವುದಿಲ್ಲ ಎಂದು ಮುಂದಿನವರು. ಕಂಡಕ್ಟರ್ ಬಂದು ಚೀಲವನ್ನು ಮೇಲಿನ ಹಲಗೆಯ ಮೇಲೆ ಇಡು ಎಂದ. ಶಫೀಸಾಬ ಒಲ್ಲೆನೆಂದ.

"ನಿನ್ನ ಚರ್ಮ ಬ್ಯಾರೆ ಸೀಟಿನ್ಯಾಗ ಕುಂತ್ರ ಅರ್ಧ ಟಿಕೇಟ್ ಹರೀತೀನಿ ನೋಡು" ಎಂದು ಕಂಡಕ್ಟರ್ ಮುಂದೆ ಹೋದ.

ಹೇಮಗುಡ್ಡ ಕಾಣುವಷ್ಟರಲ್ಲಿ ಬಸ್ಸಿನ ಹಿಂದಿನ ಗಾಲಿ ಉಸ್ಸೆಂದಿತು. ಎಲ್ಲರೂ ಇಳಿದು ರಸ್ತೆಬದಿಯ ಬೇವಿನ ಗಿಡದ ಬುಡಕ್ಕೆ ಹೋದರು. ನೆರಳು ತುಂಬಿತ್ತು. ಶಫೀಸಾಬ ಚೀಲಕ್ಕೆ ಹೇಗೋ ಒಂದು ಗೇಣು ನೆರಳು ದೊರಕಿಸಿ, ತಾನು ಬಿಸಿಲಿನಲ್ಲಿ ನಿಂತು ಟೋಪಿಯಿಂದ ಅದಕ್ಕೆ ಗಾಳಿ ಬೀಸಿದ. ಪಕ್ಕೀರವ್ವನಿಗೆ ಇದನ್ನು ನೋಡಲಾಗಲಿಲ್ಲ.

"ನೀನ ಬಿದ್ದು ಸತ್ರ ಆ ತುಣುಕು ತಗೊಂಡು ಯಾರು ಏನು ಮಾಡ್ಯಾರು? ಹೋಗು, ಮಾರಿ ತೊಳ್ಕೊಂಡು ಬಾ. ನಾ ನೋಡ್ತಿರ್ತೀನಿ."

ಅವನು ಕೈಪಂಪಿನವರೆಗೆ ಹೋಗಿ ಮುಖ ತೊಳೆದು ಬಂದ. ಬಂದು ನೋಡಿದರೆ ಚೀಲ ಇಲ್ಲ.

"ಅಲ್ಲೈತೋ" ಎಂದು ಪಕ್ಕೀರವ್ವ ತೃಪ್ತಿಯಿಂದ ಬೆರಳು ತೋರಿಸಿದಳು. ರಸ್ತೆಯಂಚಿನ ಸೋಡಾ ಗಾಡಿಯ ಪಕ್ಕ ಅಕ್ಬರ ಎಂಬವನು ನಗುತ್ತ ನಿಂತಿದ್ದ. "ಮುದುಕಿ ಎಲ್ಲಾ ಹೇಳ್ಯಾಳ ಭಾಯಿ. ಬಿಸಿಲಿಗೆ ಕೆಡ್ತೈತಿ ಅಂದ್ಲು, ಅದಕ್ಕ ಬರ್ಫಿನ ಡಬ್ಬಿಯೊಳಗ ಹೂತಿಟ್ಟೀನಿ. ರೊಕ್ಕ ಗಿಕ್ಕ ಬ್ಯಾಡ, ಬೀಮಾರ್ ಮನಷ್ಯಾ ಅದೀರಿ."

"ಯಾ ಅಲ್ಲಾ!" ಎಂದು ಶಫೀಸಾಬ ಮೊಣಕೈವರೆಗೆ ಬರ್ಫಿನಲ್ಲಿ ಕೈ ತುರುಕಿ ಬಾಟಲಿ ಹೊರತೆಗೆದ. ಅದು ಸೋಡಾ ಬಾಟಲಿಗಿಂತ ತಣ್ಣಗಿತ್ತು. ಅಲುಗಿಸಿದ, ನೀರು ಅಲುಗಿತು. ಇನ್ನೂ ಹೆಪ್ಪುಗಟ್ಟಿರಲಿಲ್ಲ. ಅಂಗಿಯೊಳಗೆ ಹಾಕಿಕೊಂಡು ಹೊಟ್ಟೆಗೆ ಒತ್ತಿ ಹಿಡಿದು ಕೂತ. ಅಕ್ಬರ ಮುಖ ಸಣ್ಣದು ಮಾಡಿಕೊಂಡು ಅವನಿಗೊಂದು ನಿಂಬು ಸೋಡಾ ಕೊಟ್ಟ. ಹುಣ್ಣಿನ ಬಾಯಿಗೆ ನಿಂಬು ತಾಗಿದೊಡನೆ ಶಫೀಸಾಬ ಕೂಗಿಕೊಂಡ ಕೂಗಿಗೆ ಬೇವಿನ ಗಿಡದ ಕಾಗೆಗಳು ಹಾರಿಹೋದವು.

ಗಾಲಿ ರಿಪೇರಿ ಮುಗಿಯುವ ಲಕ್ಷಣ ಕಾಣಲಿಲ್ಲ. ಹೊತ್ತು ಇಳಿಯುತ್ತಿತ್ತು. ಹಿಟ್ನಾಳದ ಕಡೆ ಹೊರಟ ಟಂಟಂ ಆಟೋ ಒಂದು ಬಂತು. ಒಳಗೆ ಜಾಗವಿರಲಿಲ್ಲ, ಶಫೀಸಾಬ ಹಿಂದೆ ಜೋತುಬಿದ್ದ. ಒಂದು ಕೈ ಗಾಡಿಯ ಸರಳಿಗೆ, ಒಂದು ಕೈ ಹೊಟ್ಟೆಯ ಬಾಟಲಿಗೆ. ಗುಂಡಿಯೊಂದು ಬಂದಾಗ ಮನುಷ್ಯನಾದವನು ಎರಡೂ ಕೈಯಿಂದ ಸರಳು ಹಿಡಿಯುತ್ತಾನೆ. ಅವನು ಎರಡೂ ಕೈಯಿಂದ ಬಾಟಲಿ ಹಿಡಿದ.

ಎದ್ದು ನೋಡಿಕೊಂಡಾಗ ಬಾಟಲಿಗೆ ಒಂದು ಗೀರೂ ಇರಲಿಲ್ಲ. ಎರಡೂ ಮೊಣಕಾಲು ಕಿತ್ತು ಹೋಗಿದ್ದವು. ಬಾಟಲಿಯಲ್ಲಿದ್ದ ಚರ್ಮ ಉಳಿಸಿಕೊಳ್ಳಲು ಅದರ ಹತ್ತರಷ್ಟನ್ನು ಹಿಟ್ನಾಳದ ರಸ್ತೆಗೆ ಕೊಟ್ಟಿದ್ದ. ಆದರೂ ಅವನಿಗೆ ಬೇಸರವಾಗಲಿಲ್ಲ. ರಸ್ತೆಗೆ ಸೂಜಿ ಇರಲಿಲ್ಲವಲ್ಲ.

ಸಂಜೆ ಬಿಸಿಲು ಕೊಪ್ಪಳದ ಕೋಟೆ ಗುಡ್ಡದ ಮೇಲೆ ಹಳದಿಯಾಗಿ ಬಿದ್ದಿದ್ದಾಗ ಶಫೀಸಾಬ ಕುಂಟುತ್ತ ಲ್ಯಾಬಿನ ಮೆಟ್ಟಿಲು ಹತ್ತಿದ. ಗಾಡಿ ಇನ್ನೂ ಹೊರಟಿರಲಿಲ್ಲ. ಮೆಹಜಬೀನ ಎಂಬ ಹುಡುಗಿ ಕೈಗವಸು ಹಾಕಿಕೊಂಡು ಎದುರಿಗೆ ಬಂದಳು. ಅವನು ಅಂಗಿಯೊಳಗಿಂದ ಬಾಟಲಿ ತೆಗೆದು, ಮನೆಯ ಮೊದಲ ಕೂಸನ್ನು ಕೊಡುವವನ ಹಾಗೆ ಅವಳ ಕೈಗಿಟ್ಟ.

"ಕೆಂಪು ಮುಚ್ಚಳದ್ದು" ಎಂದ. "ಬಿಸಿಲು ತಾಗಿಸಿಲ್ಲ. ಬರ್ಫ್ ಒಂದೀಟು ತಾಗ್ಯಾದ, ನನ್ನ ತಪ್ಪಲ್ಲ. ಬಿಳಿ ಮುಚ್ಚಳದ್ದು ನಾಳೆ ತರ್ತೀನಿ."

ಮೆಹಜಬೀನ ಒಳಗೆ ತುಣುಕು ಇದೆಯೋ ಎಂದು ನೋಡಲು ಮುಚ್ಚಳ ತಿರುವಿದಳು. ತಿರುವಿದವಳು ಮುಖ ಹಿಂದಕ್ಕೆ ಎಳೆದುಕೊಂಡಳು. ಘಾಟು ಮೇಜು ದಾಟಿ ಶಫೀಸಾಬನ ಕಣ್ಣಿಗೂ ಬಂತು. ಬೆಳಿಗ್ಗೆ ಇದೇ ಘಾಟಿಗೆ ಸೀನಿದ ಕನಕಪ್ಪನವರು ಕಣ್ಣು ಮುಚ್ಚಿಕೊಂಡು ಗಾದಿಯ ಮೇಲೆ ಮುಚ್ಚಳ ತಡಕಾಡಿದ್ದು ಅವನ ಕಣ್ಣ ಮುಂದೆ ನಿಂತಿತು.

"ಇದು ಫಾರ್ಮಲಿನ್ ಬಾಟ್ಲಿ ಚಾಚಾ. ಮುಚ್ಚಳ ಅದಲುಬದಲಾಗ್ಯಾವ. ಇದನ್ನ ನೀವು ಬಿಸಿಲಿಗೆ ಒಯ್ದ್ರೂ, ಬಸ್ಸಿನ ಟಾಪಿನ ಮ್ಯಾಲೆ ಒಗದ್ರೂ ಇದಕ್ಕೇನೂ ಆಗ್ತಿರಲಿಲ್ಲ."

ಶಫೀಸಾಬ ತನ್ನ ಮೊಣಕಾಲು ನೋಡಿಕೊಂಡ. ಬಾಯಿ ಉರಿಯುತ್ತಿತ್ತು, ಬೆನ್ನು ಎಳೆಯುತ್ತಿತ್ತು. ಅವನ ಮುಖ ನೋಡಿ ಮೆಹಜಬೀನಳಿಗೆ ಕನಿಕರವಾಯಿತು.

"ಗಾಬರಿ ಆಗಬ್ಯಾಡ್ರಿ. ಆ ಇನ್ನೊಂದು ಎಲ್ಲೈತಿ?"

"ಅಂಗಡ್ಯಾಗ. ಮೊಳೀಗೆ."

"ನೆರಳಿನ್ಯಾಗ ಐತಲ್ಲ? ಹಂಗಾರ ಆ ನೀರಿನ್ಯಾಗ ಅದು ಛಲೋನ ಇರ್ತೈತಿ. ನಾಳೆ ಮುಂಜಾನಿ ತಂದ್ರೂ ನಡೀತೈತಿ. ಯಾರೂ ಅದನ್ನ ನೀರಿನಿಂದ ಹೊರಗ ತಗೀಬಾರದು, ಒಣಗಬಾರದು. ಅಷ್ಟ."

ಶಫೀಸಾಬನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ನಿಂತು ಸಾಹುಕಾರರಿಗೆ ಫೋನ್ ಹಚ್ಚಿದ.

"ಸಾವ್ಕಾರ್ರ, ಮೊಳಿ ಮ್ಯಾಲಿನ ಬಾಟ್ಲಿ ಸುಮ್ನ ಐತಿಲ್ರೀ? ಯಾರೂ ಮುಟ್ಟಿಲ್ಲಲ್ರೀ?"

"ಯಾರಿಗರ ಮುಟ್ಟಾಕ ನಾ ಬಿಡ್ತೀನೇನು?" ಕನಕಪ್ಪನವರ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. "ನಾನ ಖುದ್ದು ನೋಡ್ಕೊಂಡೀನಿ. ಮಧ್ಯಾಹ್ನ ಒಮ್ಮಿ ಬಿಚ್ಚಿ ಮೂಸಿದೆ. ಮುಂಜಾನಿ ಘಾಟು ಒಂಚೂರೂ ಇರಲಿಲ್ಲ, ತಾಕತ್ತೆಲ್ಲಾ ಹಾರಿಹೋಗಿ ಬರೇ ನೀರು ಉಳಿದಿತ್ತು. ನೀರಾಗ ಬಿಟ್ರ ನಿನ್ನ ತುಣುಕು ಕೊಳೀತೈತಿ ಅಂತ ಬಸದು ಹೊರಗ ತಗದೆ. ಭತ್ತ ಒಣಗಸೋ ಕಟ್ಟಿ ಮ್ಯಾಲೆ ಬಿಸಿಲಿಗಿಟ್ಟು, ಗುಬ್ಬಿ ಬರದಂಗ ನಾನ ಕೋಲು ಹಿಡ್ಕೊಂಡು ಕುಂತಿದ್ದೆ. ಈಗ ಗರಿಗರಿ ಆಗೈತಿ ನೋಡು. ಪೊಟ್ಟಣ ಕಟ್ಟಿ ಮೊಳೀಗೆ ಹಾಕೀನಿ. ವರ್ಷ ಇಟ್ರೂ ಹುಳ ಬೀಳಂಗಿಲ್ಲ."

ಶಫೀಸಾಬ ಗೋಡೆ ಹಿಡಿದು ಮೆಲ್ಲಗೆ ಬೆಂಚಿನ ಮೇಲೆ ಕೂತ. ಮೆಹಜಬೀನ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಒಂದು ಹೊಸ ಖಾಲಿ ಬಾಟಲಿ ತೆಗೆದು ಅದಕ್ಕೆ ಆ ಬೇರೆ ನೀರು ತುಂಬಿದಳು. ಮುಚ್ಚಳ ಕೆಂಪಾಗಿತ್ತು.

"ಸಾವ್ಕಾರ್ರ" ಎಂದ ಶಫೀಸಾಬ. "ಅದು ಹೋತ್ರಿ. ಸ್ಯಾಂಪಲ್ ಕೆಟ್ಟು ಹೋತ್ರಿ."

ಆ ಕಡೆಯಿಂದ ಕನಕಪ್ಪನವರು ಇಷ್ಟು ವರ್ಷ ತಮ್ಮ ಅಂಗಡಿಯಲ್ಲೇ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತನ್ನು ಬಹಳ ಪ್ರೀತಿಯಿಂದ ಹೇಳಿದರು.

"ಕೆಟ್ರ ಕೆಟ್ತು ಬಿಡೋ, ಅದಕ್ಕ್ಯಾಕ ಇಷ್ಟು ಚಿಂತಿ? ಚೀಲ ಇಲ್ಲೇ ಐತಲ್ಲ, ಇನ್ನೊಮ್ಮಿ ಚುಚ್ಚಿದ್ರಾತು."